ರಗ್ಬಿ ಅರ್ಥವಾಗಬೇಕಾ? ಒಬ್ಬನ ಬೆನ್ನು ಹಿಡಿಯಿರಿ

ಮೊದಲೇ ಹೇಳಿಬಿಡುತ್ತೇನೆ, ನಾನು ರಗ್ಬಿ ಆಡಿದವನಲ್ಲ. ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆಯವರಿಗೆ ಕಬಡ್ಡಿ ಗೊತ್ತು, ವಾಲಿಬಾಲ್ ಗೊತ್ತು, ಫುಟ್‌ಬಾಲ್ ಅಂತೂ ಹೇಳುವುದೇ ಬೇಡ, ವಿಶ್ವಕಪ್ ಬಂತೆಂದರೆ ರಸ್ತೆ ಬದಿಯಲ್ಲೆಲ್ಲ ಮೆಸ್ಸಿ, ನೈಮಾರ್ ಕಟೌಟಾಗಿ ನಿಂತಿರುತ್ತಾರೆ. ರಗ್ಬಿ ಮಾತ್ರ ಯಾರಿಗೂ ಬೇಡ. ಮೊಟ್ಟೆಯ ಹಾಗಿನ ಚೆಂಡು ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ ಅಂತ ಮಾತ್ರ ನನಗೂ ಗೊತ್ತಿದ್ದದ್ದು.

ದುಬೈಯಲ್ಲಿ ಸ್ಟೋರ್ ಕೀಪರ್ ಆಗಿದ್ದಾಗ ಒಂದು ವರ್ಷ ನಮ್ಮ ಸೈಟಿನ ನ್ಯೂಜಿಲೆಂಡಿನ ಇಂಜಿನಿಯರ್ ಒಬ್ಬರು ದುಬೈ ಸೆವೆನ್ಸ್ ಟೂರ್ನಿಯ ಒಂದು ಟಿಕೆಟ್ ಕೊಟ್ಟರು. ಸೆವೆನ್ಸ್ ಅಂದರೆ ತಂಡಕ್ಕೆ ಏಳೇ ಜನರ ರಗ್ಬಿ. ಅವರ ಸ್ನೇಹಿತರು ಯಾರೋ ಬರಲಿಲ್ಲವಂತೆ. ಅಲ್ ಐನ್ ರಸ್ತೆಯ ಆ ಸ್ಟೇಡಿಯಮ್ಮಿನಲ್ಲಿ ಬೆಳಿಗ್ಗಿನಿಂದ ಸಂಜೆ ತನಕ ಕೂತೆ. ಜನ ಎದ್ದು ಬೊಬ್ಬೆ ಹಾಕಿದಾಗ ನಾನೂ ಎದ್ದೆ, ಕೂತಾಗ ಕೂತೆ. ಯಾಕೆ ಎದ್ದದ್ದು, ಯಾಕೆ ಕೂತದ್ದು, ಒಂದೂ ತಲೆಗೆ ಹೋಗಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಅವರನ್ನೇ ಕೇಳಿದೆ, ಇದನ್ನು ಕಲಿಯುವುದು ಹೇಗೆ ಅಂತ. ನಿಯಮದ ಪುಸ್ತಕ ಓದಬೇಡ, ಒಬ್ಬ ಆಟಗಾರನನ್ನು ಹಿಡಿದುಕೋ, ಅವನ ಮೊದಲ ಪಂದ್ಯದಿಂದ ಕೊನೆಯ ಪಂದ್ಯದ ತನಕ ನೋಡು ಅಂದರು. ಯಾರನ್ನು ಅಂತಲೂ ಅವರೇ ಹೇಳಿದರು.

ಈಗ ಊರಿಗೆ ಬಂದ ಮೇಲೆ ಅಕ್ಕನ ಮಗನಿಗೆ ಅದೇ ದಾರಿಯಲ್ಲಿ ಕಲಿಸುತ್ತಿದ್ದೇನೆ. ಎಂಟನೇ ಕ್ಲಾಸು, ಉಪಜಿಲ್ಲಾ ಮಟ್ಟದಲ್ಲಿ ಕಬಡ್ಡಿ ಆಡಿದವ, ಒಂದು ಕಡೆ ಸುಮ್ನೆ ಕೂರುವ ಜಾತಿಯಲ್ಲ. ಅವನಿಗೇ ಹತ್ತಿದೆ ಅಂದರೆ ನಿಮಗೂ ಹತ್ತುತ್ತದೆ.

ಯಾರನ್ನು ಹಿಡಿಯುವುದು

ಜೋನಾ ಲೋಮು. ಟೋಂಗಾ ದ್ವೀಪದ ಮೂಲದ ಕುಟುಂಬ, 1975ರ ಮೇ 12ರಂದು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಹುಟ್ಟಿದವ. ಎತ್ತರ 1.96 ಮೀಟರ್, ತೂಕ 120 ಕಿಲೋದ ಹತ್ತಿರ. ಆ ತೂಕದವನು ಓಟದ ಪಂದ್ಯದ ಹುಡುಗನ ಹಾಗೆ ಓಡುತ್ತಿದ್ದ. ಪೈವಳಿಕೆಯ ಕಂಬಳದಲ್ಲಿ ಕೋಣ ಓಟದ ಕರೆಯ ಈ ತುದಿಯಿಂದ ಆ ತುದಿಗೆ ಬರುವುದನ್ನು ಓಟ ಮುಗಿಯುವ ಮಂಜೊಟ್ಟಿಯ ಹತ್ತಿರ ನಿಂತು ನೋಡಿದ್ದೀರಾ? ಇಷ್ಟು ದೊಡ್ಡ ಜೀವ ಇಷ್ಟು ಬೇಗ ಹೇಗೆ ಬಂತು ಅಂತ ಒಂದು ಕ್ಷಣ ಹೆದರಿಕೆ ಆಗುತ್ತದಲ್ಲ, ಅದೇ ಹೆದರಿಕೆ ಅವನ ಎದುರು ನಿಂತವರ ಮುಖದಲ್ಲಿ ಕಾಣುತ್ತದೆ.

ಅವನನ್ನೇ ಹಿಡಿಯಿರಿ ಅನ್ನುವುದಕ್ಕೆ ಕಾರಣ ಉಂಟು. ಟಿವಿಯಲ್ಲಿ 30 ಜನ ಕೆಸರು ಮೆತ್ತಿಕೊಂಡು ಒಂದೇ ತರ ಕಾಣುವಾಗಲೂ ಲೋಮು ಮಾತ್ರ ತಪ್ಪಿಹೋಗುವುದಿಲ್ಲ. ಬೆನ್ನಿನಲ್ಲಿ 11 ನಂಬರ್, ಮೈದಾನದ ಎಡ ತುದಿಯಲ್ಲಿ ಒಬ್ಬನೇ ನಿಂತಿರುತ್ತಾನೆ. ಈ ಜಾಗಕ್ಕೆ ವಿಂಗ್ ಅನ್ನುತ್ತಾರೆ. ಹೊಸಬರು ಹುರುಪಿನಲ್ಲಿ ಮುಂದಿನ ಸಾಲಿನಲ್ಲಿ ತಳ್ಳುವ ಯಾವುದೋ ಪ್ರಾಪ್ ಆಟಗಾರನನ್ನು ಹಿಡಿದರೆ ಕಥೆ ಮುಗಿಯಿತು, 80 ನಿಮಿಷ ಅವನ ಬೆನ್ನು ಮಾತ್ರ ಕಾಣುತ್ತದೆ, ತಲೆ ಯಾವಾಗಲೂ ಇನ್ಯಾರದೋ ಕಂಕುಳ ಕೆಳಗೆ.

ಇನ್ನೊಂದು ಕಾರಣ, ಅವನ ಆಟ ಮುಗಿದುಹೋಗಿದೆ. 1994ರಿಂದ 2002ರ ತನಕ 63 ಟೆಸ್ಟ್, 37 ಟ್ರೈ. ಟ್ರೈ ಅಂದರೆ ಎದುರಿನವರ ಗೆರೆಯಾಚೆ ಚೆಂಡು ಒತ್ತಿ ಪಾಯಿಂಟ್ ಪಡೆಯುವುದು. ಏರಿದ್ದೂ ಇಳಿದದ್ದೂ ಎಲ್ಲ ವಿಡಿಯೊದಲ್ಲಿ ಉಂಟು. ಅಂದಹಾಗೆ ರಗ್ಬಿಯಲ್ಲಿ ದೇಶ ದೇಶಗಳ ನಡುವಿನ ಪಂದ್ಯಕ್ಕೆಲ್ಲ ಟೆಸ್ಟ್ ಅಂತಲೇ ಹೆಸರು. ಐದು ದಿನದ್ದಲ್ಲ, 40 ನಿಮಿಷದ ಎರಡು ಅರ್ಧ, ಅಷ್ಟೇ.

ನೋಡುವ ಮೊದಲು ಇಷ್ಟು ಗೊತ್ತಿದ್ದರೆ ಸಾಕು

ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಇದೊಂದು ಅರ್ಥವಾದರೆ ಅರ್ಧ ಆಟ ಅರ್ಥವಾದ ಹಾಗೆ. ಪಕ್ಕಕ್ಕೆ ಎಸೆಯಬಹುದು, ಹಿಂದಕ್ಕೆ ಎಸೆಯಬಹುದು, ಮುಂದಕ್ಕೆ ಹೋಗಬೇಕಾದರೆ ಹಿಡಿದುಕೊಂಡು ಓಡಬೇಕು, ಇಲ್ಲವೇ ಕಾಲಿನಿಂದ ಒದೆಯಬೇಕು. ಅಕ್ಕನ ಮಗ ಮೊದಲ ದಿನ ಸಿಟ್ಟಿನಲ್ಲೇ ಕೇಳಿದ, “ಮಾವ, ಮುಂದೆ ಅಷ್ಟು ಜಾಗ ಖಾಲಿ ಉಂಟಲ್ಲ, ಹಿಂದೆ ಎಂತಕ್ಕೆ ಬಿಸಾಡುವುದು?” ಅದಕ್ಕೆ ನಾನು ಮಾಡಿಗೆ ಹಂಚು ಹೊದೆಸುವುದನ್ನು ನೆನಪು ಮಾಡಿಸಿದೆ. ಕೆಳಗಿನಿಂದ ಮೇಲಿನ ತನಕ ಏಣಿಯಲ್ಲಿ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಹಂಚು ದಾಟಿಸುತ್ತಾರಲ್ಲ, ಒಬ್ಬ ಕೈ ತಪ್ಪಿಸಿದರೆ ಸಾಲು ಪೂರ್ತಿ ನಿಲ್ಲುತ್ತದೆ. ರಗ್ಬಿಯ ಸಾಲೂ ಹಾಗೆಯೇ, ಆದರೆ ಓಡುತ್ತಾ ಇರುತ್ತದೆ. 9 ನಂಬರಿನವನಿಂದ 10ಕ್ಕೆ, 10ರಿಂದ 12ಕ್ಕೆ, 13ಕ್ಕೆ, ಕೊನೆಗೆ ತುದಿಯಲ್ಲಿರುವ 11ಕ್ಕೆ. ಪ್ರತಿಯೊಬ್ಬನೂ ಪಕ್ಕದವನಿಗಿಂತ ಎರಡು ಹೆಜ್ಜೆ ಹಿಂದೆ. ಚೆಂಡು ಹಿಂದೆ ಹಿಂದೆ ಹೋಗುತ್ತಿದ್ದರೂ ಸಾಲು ಪೂರ್ತಿ ಮುಂದೆ ಹೋಗುತ್ತಿರುತ್ತದೆ. ಹಿಡಿಯುವಾಗ ಕೈ ತಪ್ಪಿ ಮುಂದಕ್ಕೆ ಬಿದ್ದರೂ ತಪ್ಪು, ಅದಕ್ಕೆ ನಾಕ್ ಆನ್ ಅನ್ನುತ್ತಾರೆ.

ಚೆಂಡು ಇದ್ದವನನ್ನು ಮಾತ್ರ ಹಿಡಿಯಬಹುದು. ಹೆಗಲಿಗಿಂತ ಮೇಲೆ ಕೈ ಹಾಕಬಾರದು. ಕಾಲು ಹಿಡಿಯಬಹುದು, ಸೊಂಟ ಹಿಡಿಯಬಹುದು, ಇದೆಲ್ಲ ಕಬಡ್ಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಕಬಡ್ಡಿ ನೋಡಿದವರು ಒಂದು ಕಡೆ ದಾರಿ ತಪ್ಪುತ್ತಾರೆ. ಅಲ್ಲಿ ರೈಡರನ್ನು ಹಿಡಿದು ನಿಲ್ಲಿಸಿದರೆ ಔಟ್. ಇಲ್ಲಿ ಹಿಡಿದು ಬೀಳಿಸಿದರೆ ಯಾರೂ ಔಟಲ್ಲ. ಬಿದ್ದವನು ಚೆಂಡು ಬಿಟ್ಟುಬಿಡಬೇಕು, ಹಿಡಿದವನು ಅವನನ್ನು ಬಿಟ್ಟುಬಿಡಬೇಕು, ಆಮೇಲೆ ಎರಡೂ ಕಡೆಯವರು ಚೆಂಡಿನ ಮೇಲೆ ಬಾಗಿ ನಿಂತು ಒಬ್ಬರನ್ನೊಬ್ಬರು ತಳ್ಳುತ್ತಾರೆ. ನಮಗೆ ಗಲಾಟೆಯ ಹಾಗೆ ಕಾಣುವುದು ಇದೇ, ಹೆಸರು ರಕ್. ಕಬಡ್ಡಿಯಲ್ಲಿ ರೈಡರನ ಜೀವ ಇರುವುದು ಮನೆಗೆ ವಾಪಸ್ ಬರುವುದರಲ್ಲಿ. ಇವರಿಗೆ ವಾಪಸ್ ಅನ್ನುವುದೇ ಇಲ್ಲ.

ಪಾಯಿಂಟು ಸುಲಭ. ಎದುರಿನವರ ಗೆರೆಯಾಚೆ ಹೋಗಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 5 ಪಾಯಿಂಟ್. ಗೆರೆ ದಾಟಿದರೆ ಸಾಲದು, ಒತ್ತಲೇಬೇಕು. ಆಮೇಲೆ ಎಚ್ ಅಕ್ಷರದ ಹಾಗಿರುವ ಕಂಬಗಳ ನಡುವೆ, ಅಡ್ಡ ಕೋಲಿನ ಮೇಲಿಂದ ಒದ್ದು ಹಾಕಿದರೆ ಇನ್ನೂ 2. ಪೆನಾಲ್ಟಿ ಒದೆತಕ್ಕೆ 3, ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಪುಟಿಸಿ ಒದ್ದು ದಾಟಿಸಿದರೆ ಅದಕ್ಕೂ 3, ಅದು ಡ್ರಾಪ್ ಗೋಲ್. ಆ 2 ಪಾಯಿಂಟಿನ ಒದೆತವನ್ನು ಚೆಂಡು ಒತ್ತಿದ ಜಾಗದ ನೇರಕ್ಕೇ ನಿಂತು ಒದೆಯಬೇಕು. ಅದಕ್ಕೇ ಕೆಲವರು ಮೂಲೆಯಲ್ಲಿ ಗೆರೆ ದಾಟಿದ ಮೇಲೂ ಕಂಬದ ಕಡೆ ಓಡುವುದು, ಜಂಬ ತೋರಿಸಲಿಕ್ಕಲ್ಲ.

ಸ್ಕ್ರಮ್, ಲೈನ್‌ಔಟ್ ಈಗ ಬೇಡ. ಸಣ್ಣ ತಪ್ಪಾದರೆ ಎಂಟೆಂಟು ಜನ ಬಾಗಿ ತಳ್ಳಾಡುತ್ತಾರೆ, ಚೆಂಡು ಹೊರಗೆ ಹೋದರೆ ಸಾಲು ನಿಂತು ಹಾರಿ ಹಿಡಿಯುತ್ತಾರೆ. ಆಗ ಎದ್ದು ಹೋಗಿ ಚಾಯ ಮಾಡಿಕೊಂಡು ಬನ್ನಿ. ನಿಜವಾದ ರಗ್ಬಿ ಅಭಿಮಾನಿಗಳು ಇದನ್ನು ಓದಿದರೆ ನನ್ನನ್ನು ಹೊಡೆಯಬಹುದು.

ಚೆಂಡಿನ ಬಗ್ಗೆ ಒಂದು ಮಾತು. ಅದು ಯಾಕೆ ಹಾಗೆ ಹುಚ್ಚು ಹುಚ್ಚಾಗಿ ಪುಟಿಯುತ್ತದೆ ಅಂತ ಕೇಳುವವರು ಒಮ್ಮೆ ಮನೆಯ ಅಂಗಳದಲ್ಲಿ ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿ ಉರುಳಿಸಿ ನೋಡಿ. ಎಡಕ್ಕೆ ಹೋಗುತ್ತದೆ ಅಂತ ನೀವು ಹಾರಿದರೆ ಅದು ಬಲಕ್ಕೆ ತಿರುಗಿ ತುಳಸಿಕಟ್ಟೆಗೆ ಬಡಿದಿರುತ್ತದೆ.

ಮೊದಲ ಪಂದ್ಯ: 1995, ಜೂನ್ 18

ಯೂಟ್ಯೂಬಿನಲ್ಲಿ ಲೋಮು, ಇಂಗ್ಲೆಂಡ್, 1995 ಅಂತ ಇಂಗ್ಲಿಷಿನಲ್ಲಿ ಹುಡುಕಿ. ದಕ್ಷಿಣ ಆಫ್ರಿಕದ ಕೇಪ್ ಟೌನಿನಲ್ಲಿ ನಡೆದ ವಿಶ್ವಕಪ್ ಸೆಮಿಫೈನಲ್. ಐದು ನಿಮಿಷದ ತುಣುಕುಗಳು ರಾಶಿ ಸಿಗುತ್ತವೆ, ಮೊದಲು ಅದನ್ನು ನೋಡಬೇಡಿ. ಮದುವೆಗೆ ಹೋಗಿ ಸೀದಾ ಪಾಯಸದ ಪಾತ್ರೆಗೆ ಕೈ ಹಾಕಿದ ಹಾಗೆ ಆಗುತ್ತದೆ. ಪೂರ್ತಿ ಪಂದ್ಯ ಹುಡುಕಿ ಇಟ್ಟುಕೊಳ್ಳಿ.

ಆಟ ಶುರುವಾಗುವ ಮೊದಲು ನ್ಯೂಜಿಲೆಂಡಿನವರು ಸಾಲಾಗಿ ನಿಂತು ತೊಡೆ ತಟ್ಟಿ, ಕಣ್ಣು ಅಗಲಿಸಿ, ನಾಲಿಗೆ ಹೊರಗೆ ಹಾಕಿ ಕೂಗುತ್ತಾರೆ. ಇದು ಹಾಕಾ, ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರದ್ದು. ಇವರು ಹೆಚ್ಚಾಗಿ ಹೇಳುವ ‘ಕಾ ಮಾಟೆ’ ಅನ್ನುವುದನ್ನು ಸುಮಾರು 200 ವರ್ಷದ ಹಿಂದೆ ತೆ ರೌಪರಾಹಾ ಎಂಬ ಮಾವೊರಿ ನಾಯಕ ಕಟ್ಟಿದ್ದು. ತೆಂಕುತಿಟ್ಟು ಯಕ್ಷಗಾನ ನೋಡಿ ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಬಣ್ಣದ ವೇಷ ಸಭೆಯ ಹಿಂದಿನಿಂದ ದೊಂದಿ ಬೆಳಕಿನಲ್ಲಿ ಅಟ್ಟಹಾಸ ಕೊಡುತ್ತಾ ಬರುವಾಗ ಮುಂದೆ ಕೂತ ಮಕ್ಕಳು ಅಮ್ಮನ ಸೆರಗಿನೊಳಗೆ ಹೋಗುತ್ತವಲ್ಲ, ಇಲ್ಲಿ ಇಂಗ್ಲೆಂಡಿನವರಿಗೆ ಸೆರಗು ಇರಲಿಲ್ಲ.

ಈಗ ಎಡ ತುದಿ ನೋಡುತ್ತಿರಿ. ಆಟ ಶುರುವಾಗಿ ಎರಡು ಮೂರು ನಿಮಿಷದಲ್ಲೇ ಚೆಂಡು ಅವನ ಕಡೆ ಬರುತ್ತದೆ. ಒಳ್ಳೆಯ ಪಾಸಲ್ಲ ಅದು, ಅವನನ್ನು ದಾಟಿ ಹಿಂದೆ ಹೋಗುತ್ತದೆ. ಅವನು ತಿರುಗಿ ಹೆಕ್ಕಿಕೊಳ್ಳುತ್ತಾನೆ. ಇಂಗ್ಲೆಂಡಿನ ಟೋನಿ ಅಂಡರ್‌ವುಡ್ ಎದುರು ಬರುತ್ತಾನೆ, ಲೋಮು ಅವನನ್ನು ಹೊರಗಿನಿಂದ ಸುತ್ತಿ ಬಿಡುತ್ತಾನೆ. ನಾಯಕ ವಿಲ್ ಕಾರ್ಲಿಂಗ್ ಕಾಲಿಗೆ ಕೈ ಹಾಕುತ್ತಾನೆ, ಲೋಮು ಮುಗ್ಗರಿಸುತ್ತಾನೆ. ಇಲ್ಲಿ ವಿಡಿಯೊ ನಿಲ್ಲಿಸಿ. ಮುಂದೆ ಇನ್ನೊಬ್ಬನೇ ಉಳಿದಿದ್ದಾನೆ, ಮೈಕ್ ಕ್ಯಾಟ್, 15 ನಂಬರ್. ಲೋಮು ಸಮತೋಲ ತಪ್ಪಿ ಮುಂದಕ್ಕೆ ಬಾಗಿದ್ದಾನೆ, ಬೀಳಬೇಕಿತ್ತು. ಬೀಳುವುದಿಲ್ಲ. ಕ್ಯಾಟ್ ನೇರ ನಿಂತಿದ್ದಾನೆ, ಪಕ್ಕಕ್ಕೆ ಸರಿಯುವುದೂ ಇಲ್ಲ. ಈಗ ಬಿಡಿ. ಮಳೆಗಾಲದಲ್ಲಿ ತೋಡಿನ ನೀರು ಕಟ್ಟದ ಮೇಲಿಂದ ಹೋದ ಹಾಗೆ ಅವನ ಮೇಲಿಂದಲೇ ಹೋಗಿ ಗೆರೆಯಾಚೆ ಬೀಳುತ್ತಾನೆ. ಅಕ್ಕನ ಮಗ ಅದನ್ನು ಹನ್ನೊಂದು ಸಲ ಹಿಂದೆ ಹಾಕಿ ನೋಡಿದ. ನಾನು ತಡೆಯಲಿಲ್ಲ.

ಆ ದಿನ ಅವನದು ನಾಲ್ಕು ಟ್ರೈ. ನ್ಯೂಜಿಲೆಂಡ್ 45, ಇಂಗ್ಲೆಂಡ್ 29. ಅವನಿಗೆ ಆಗ 20 ವರ್ಷ.

ಈಗ ಪಾಠ. ಇದೇ ಪಂದ್ಯವನ್ನು ಮೂರು ಸಲ ನೋಡಬೇಕು, ಒಂದೇ ದಿನ ಬೇಡ. ಮೊದಲ ಸಲ ಲೋಮುವನ್ನು ಮಾತ್ರ. ಎರಡನೇ ಸಲ ಅವನಿಗೆ ಚೆಂಡು ಕೊಟ್ಟವರು ಯಾರು, ಆ ಹಂಚಿನ ಸಾಲು ಹೇಗೆ ಬಂತು ಅಂತ ಹಿಂದಕ್ಕೆ ಹಿಂದಕ್ಕೆ ಹೋಗಿ. 9ರಲ್ಲಿ ಗ್ರೇಮ್ ಬಾಚಪ್, 10ರಲ್ಲಿ ಆ್ಯಂಡ್ರೂ ಮೆಹರ್ಟೆನ್ಸ್, 12ರಲ್ಲಿ ವಾಲ್ಟರ್ ಲಿಟಲ್, 13ರಲ್ಲಿ ಫ್ರ್ಯಾಂಕ್ ಬನ್ಸ್. ಮೂರನೇ ಸಲ ಚೆಂಡು ಇಲ್ಲದ ಕಡೆ ನೋಡಿ. 1ರಿಂದ 8ರ ತನಕದವರು ಫಾರ್ವರ್ಡ್‌ಗಳು, ಅವರು ರಕ್ಕಿನಲ್ಲಿ ಚೆಂಡು ಗೆದ್ದು ಕೊಟ್ಟರೆ ಮಾತ್ರ ತುದಿಯಲ್ಲಿ ನಿಂತ ಲೋಮುವಿಗೆ ಕೆಲಸ. ಈ ಮೂರನೇ ಸಲಕ್ಕೆ ನಿಮಗೇ ಗೊತ್ತಾಗದ ಹಾಗೆ ರಗ್ಬಿ ಅರ್ಥವಾಗಲಿಕ್ಕೆ ಶುರುವಾಗಿರುತ್ತದೆ. ನನಗೆ ಆದದ್ದು ಹಾಗೆಯೇ. ಆ ಪಂದ್ಯದಲ್ಲೇ ನ್ಯೂಜಿಲೆಂಡಿನ 8 ನಂಬರಿನ ಜಿನ್ಜಾನ್ ಬ್ರೂಕ್ ದೂರದಿಂದ ಒಂದು ಡ್ರಾಪ್ ಗೋಲ್ ಹೊಡೆಯುತ್ತಾನೆ, ಫಾರ್ವರ್ಡ್‌ಗಳು ಮಾಡುವ ಕೆಲಸವೇ ಅಲ್ಲ ಅದು. ಮೊದಲ ಸಲ ನನಗೆ ಅದು ಕಂಡೇ ಇರಲಿಲ್ಲ.

ಒಂದು ಹಳೇ ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಕು, ಯಾರ ಎದುರು, ಗೆದ್ದದ್ದೋ ಸೋತದ್ದೋ, ಚೆಂಡು ಅವನ ಕೈಗೆ ಎಷ್ಟು ಸಲ ಬಂತು, ಯಾರು ತಡೆದರು. ಇಷ್ಟೇ ಬರೆಯಿರಿ. ಯಾಕೆ ಅಂತ ಮುಂದಿನ ಪಂದ್ಯದಲ್ಲಿ ಗೊತ್ತಾಗುತ್ತದೆ.

ಸೋತದ್ದನ್ನು ಬಿಟ್ಟು ನೋಡಬೇಡಿ

ಆರು ದಿನ ಬಿಟ್ಟು ಜೂನ್ 24, ಜೊಹಾನ್ಸ್‌ಬರ್ಗಿನ ಎಲ್ಲಿಸ್ ಪಾರ್ಕಿನಲ್ಲಿ ದಕ್ಷಿಣ ಆಫ್ರಿಕದ ಎದುರು ಫೈನಲ್. ನೆಲ್ಸನ್ ಮಂಡೇಲಾ 6 ನಂಬರಿನ ಹಸಿರು ಜೆರ್ಸಿ ಹಾಕಿಕೊಂಡು ಬಂದ ದಿನ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾವು 11 ನಂಬರ್ ನೋಡುವ.

ಲೋಮು ಆ ದಿನ ಒಂದೂ ಟ್ರೈ ಹೊಡೆಯಲಿಲ್ಲ. ಅವನು ಅಂತಲ್ಲ, ಯಾರೂ ಹೊಡೆಯಲಿಲ್ಲ. ಎರಡೂ ಕಡೆಯ ಪಾಯಿಂಟೆಲ್ಲ ಇಬ್ಬರ ಕಾಲಿನಿಂದ ಬಂದದ್ದು. ದಕ್ಷಿಣ ಆಫ್ರಿಕದ 15ನ್ನೂ ಜೋಯೆಲ್ ಸ್ಟ್ರಾನ್ಸ್ಕಿ, ನ್ಯೂಜಿಲೆಂಡಿನ 12ನ್ನೂ ಮೆಹರ್ಟೆನ್ಸ್. ಹೆಚ್ಚುವರಿ ಸಮಯದಲ್ಲಿ ಸ್ಟ್ರಾನ್ಸ್ಕಿಯ ಒಂದು ಡ್ರಾಪ್ ಗೋಲಿನಿಂದ ಕಪ್ ಅಲ್ಲೇ ಉಳಿಯಿತು.

ಇಲ್ಲಿ ಕಬಡ್ಡಿ ಗೊತ್ತಿದ್ದವರಿಗೆ ಹಬ್ಬ. ಲೋಮುವಿಗೆ ಚೆಂಡು ಸಿಕ್ಕಿದ ಕೂಡಲೇ ಒಬ್ಬ ಕಾಲಿಗೆ ಬೀಳುತ್ತಾನೆ, ಅವನು ಏಳುವ ಮೊದಲು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಚೈನ್ ಟ್ಯಾಕಲ್ ಅಲ್ವಾ ಇದು? ಮೈಕ್ ಕ್ಯಾಟಿನ ಹಾಗೆ ನೆಟ್ಟಗೆ ನಿಂತು ಎದೆಗೆ ಎದೆ ಕೊಟ್ಟವರು ಯಾರೂ ಇಲ್ಲ. ಒಂದು ಸಲ ಲೋಮು ಒಳಗೆ ನುಗ್ಗಿ ಇನ್ನೇನು ಹೋದ ಅನ್ನುವಾಗ ದಕ್ಷಿಣ ಆಫ್ರಿಕದ 9 ನಂಬರಿನ ಜೂಸ್ಟ್ ವಾನ್ ಡರ್ ವೆಸ್ಟ್‌ಹೈಜನ್ ತಗ್ಗಿ ಬಂದು ಕೆಳಗಿನಿಂದ ಹಿಡಿದು ಕೆಡವುತ್ತಾನೆ. ಅದನ್ನು ಗುರುತು ಹಾಕಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಇನ್ನೊಂದು ಲೆಕ್ಕ ಕೇಳಿ. ಲೋಮು ದಕ್ಷಿಣ ಆಫ್ರಿಕದ ಎದುರು 12 ಟೆಸ್ಟ್ ಆಡಿದ್ದಾನೆ. ಟ್ರೈ ಸೊನ್ನೆ. ಜಗತ್ತಿಗೇ ಹೆದರಿಕೆ ಹುಟ್ಟಿಸಿದವನಿಗೆ ಒಂದು ತಂಡದ ಎದುರು ಕೊನೆಯ ತನಕ ಬಾಗಿಲು ತೆರೆಯಲಿಲ್ಲ. ಐದು ನಿಮಿಷದ ತುಣುಕು ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಇಷ್ಟಾದ ಮೇಲೆ ಹಿಂದಕ್ಕೆ ಹೋಗಿ, 1994ರ ಜೂನ್ 26. ಕ್ರೈಸ್ಟ್‌ಚರ್ಚಿನಲ್ಲಿ ಫ್ರಾನ್ಸಿನ ಎದುರು ಅವನ ಮೊದಲ ಟೆಸ್ಟ್. ವಯಸ್ಸು 19 ವರ್ಷ 45 ದಿನ, ಅಷ್ಟು ಸಣ್ಣವರು ಅದಕ್ಕಿಂತ ಮೊದಲು ನ್ಯೂಜಿಲೆಂಡ್ ತಂಡಕ್ಕೆ ಟೆಸ್ಟ್ ಆಡಿರಲಿಲ್ಲ. ಎರಡು ಟೆಸ್ಟಿನ ಸರಣಿ, ಎರಡೂ ಸೋಲು. ಹುಡುಗನಿಗೆ ಎಲ್ಲಿ ನಿಲ್ಲಬೇಕು ಅಂತಲೇ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಅವನ ಬೆನ್ನ ಹಿಂದೆ ಚೆಂಡು ಬಿದ್ದರೆ ಆ ದೊಡ್ಡ ದೇಹ ತಿರುಗಬೇಕಾದರೆ ಹೊತ್ತು ಹಿಡಿಯುತ್ತಿತ್ತು. ಆಮೇಲೆ ಅವನನ್ನು ತಂಡದಿಂದ ಬಿಟ್ಟೇ ಬಿಟ್ಟರು. ಇದನ್ನು ಮೊದಲೇ ತೋರಿಸಿದರೆ ಮಕ್ಕಳು ಎದ್ದು ಹೋಗುತ್ತಾರೆ, ಅದಕ್ಕೇ ನಾನು ಕ್ರಮ ತಿರುಗಿಸಿದ್ದು. 1995 ನೋಡಿ ಆಮೇಲೆ 1994 ನೋಡಿದರೆ ವಿಂಗಿನವನ ಕೆಲಸ ಓಡುವುದು ಮಾತ್ರ ಅಲ್ಲ, ಹಿಂದೆ ಕಾವಲು ಕಾಯುವುದೂ ಉಂಟು ಅಂತ ಕಾಣುತ್ತದೆ.

ನಡುವೆ ಒಂದು ಸುದ್ದಿ. ನಮಗೂ ರಗ್ಬಿಗೂ ಎಂತ ಸಂಬಂಧ ಅಂತ ನಮ್ಮ ಅಪ್ಪ ಕೇಳಿದರು. ಇಂಗ್ಲೆಂಡೂ ಸ್ಕಾಟ್ಲೆಂಡೂ 1879ರಿಂದ ಆಡುತ್ತಾ ಬಂದಿರುವ ಪಂದ್ಯದ ಟ್ರೋಫಿಯ ಹೆಸರು ಕಲ್ಕತ್ತಾ ಕಪ್. ಕಲ್ಕತ್ತಾದಲ್ಲಿದ್ದ ಬ್ರಿಟಿಷರ ಕ್ಲಬ್ಬು ಮುಚ್ಚಿದಾಗ ಬ್ಯಾಂಕಿನಲ್ಲಿದ್ದ 270 ಬೆಳ್ಳಿ ರೂಪಾಯಿ ತೆಗೆದು ಕರಗಿಸಿ ಮಾಡಿದ್ದು. ಹಿಡಿಗೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. “ರೂಪಾಯಿ ನಮ್ಮದು, ಕಪ್ ಅವರದ್ದು” ಅಂತ ಹೇಳಿ ಅಪ್ಪ ಪೇಪರ್ ಓದಲು ಹೋದರು.

ಚಿಕ್ಕಪ್ಪನ ಜೊತೆ ನೋಡಿದ ಪಂದ್ಯಗಳು

ಇನ್ನು ನೋಡಬೇಕಾದದ್ದು 1999ರ ವಿಶ್ವಕಪ್. ಅದಕ್ಕೆ ಮೊದಲು ಒಂದು ವಿಷಯ ಗೊತ್ತಿರಬೇಕು, ಇಲ್ಲದಿದ್ದರೆ ಅರ್ಧ ಮಾತ್ರ ನೋಡಿದ ಹಾಗೆ. 1995ರ ಆ ವಿಶ್ವಕಪ್ ಆಗಿ ಹೆಚ್ಚು ಸಮಯ ಆಗಿರಲಿಲ್ಲ, ಲೋಮುವಿಗೆ ಕಿಡ್ನಿಯ ಕಾಯಿಲೆ ಅಂತ ಗೊತ್ತಾಯಿತು, ನೆಫ್ರಾಟಿಕ್ ಸಿಂಡ್ರೋಮ್. ಚಿಕಿತ್ಸೆಯಲ್ಲೇ 1997ರ ಹೆಚ್ಚಿನ ದಿನ ಕಳೆಯಿತು. 1998ರಲ್ಲಿ ಕ್ವಾಲಾಲಂಪುರದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸೆವೆನ್ಸ್ ಚಿನ್ನ ಗೆದ್ದ ತಂಡದಲ್ಲಿ ಅವನಿದ್ದ. 1999ರಲ್ಲಿ ವಿಶ್ವಕಪ್ಪಿನಲ್ಲಿ ಎಂಟು ಟ್ರೈ. 1995ರ ಏಳು ಸೇರಿಸಿದರೆ 15, ಆ ದಾಖಲೆಯನ್ನು 2015ರಲ್ಲಿ ದಕ್ಷಿಣ ಆಫ್ರಿಕದ ಬ್ರಯಾನ್ ಹಬಾನಾ ಸರಿಗಟ್ಟಿದ. ಇಷ್ಟೆಲ್ಲ ಆಡಿದ್ದು ಆ ಕಾಯಿಲೆ ಇಟ್ಟುಕೊಂಡೇ.

ನಮ್ಮ ಚಿಕ್ಕಪ್ಪನಿಗೆ ಡಯಾಲಿಸಿಸ್. ವಾರಕ್ಕೆ ಮೂರು ಸಲ ಮಂಗಳೂರಿಗೆ ಹೋಗಿ ಬರಬೇಕು. 2020ರ ಲಾಕ್‌ಡೌನಿನಲ್ಲಿ ಕೇರಳ, ಕರ್ನಾಟಕದ ನಡುವಿನ ಗಡಿ ಮುಚ್ಚಿ, ಒಳದಾರಿಗಳಿಗೂ ಮಣ್ಣು ಸುರಿದಾಗ ನಾವು ಪಟ್ಟ ಪಾಡು ಈ ಕಡೆಯವರಿಗೆ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಡಯಾಲಿಸಿಸ್ ಆದ ದಿನ ಅವರಿಗೆ ತಲೆ ಎತ್ತಲಿಕ್ಕೆ ಆಗುವುದಿಲ್ಲ, ಮರುದಿನ ಸ್ವಲ್ಪ ಪರವಾಗಿಲ್ಲ. ಅಂಥ ಒಂದು ಮರುದಿನ ನಾನೂ ಅಕ್ಕನ ಮಗನೂ ಪಂದ್ಯ ನೋಡುವಾಗ ಬಂದು ಕೂತರು. ರಗ್ಬಿ ಅವರಿಗೆ ಏನೂ ಗೊತ್ತಿಲ್ಲ. “ಇವನಿಗೂ ಕಿಡ್ನಿಯದ್ದೇ ಚಿಕ್ಕಪ್ಪ” ಅಂದೆ. ಅಲ್ಲಿಂದ ಅವರು ಆಟ ನೋಡಲಿಲ್ಲ, ಅವನ ಕಾಲು ನೋಡಿದರು. ಎರಡು ಸಲ ನಿಲ್ಲಿಸಲಿಕ್ಕೆ ಹೇಳಿ ಹತ್ತಿರ ಬಗ್ಗಿ ನೋಡಿದರು. ಆಮೇಲೆ “ನೀರು ಲೆಕ್ಕ ಹಾಕಿ ಕುಡಿದು ಇಷ್ಟು ಓಡಿದನಾ?” ಅಂದರು. ನಾನು ಡಯಾಲಿಸಿಸ್ ಶುರುವಾದದ್ದು ಆಮೇಲೆ, 2003ರಲ್ಲಿ ಅಂತ ಹೇಳಿದೆ. ಅವರು ತಲೆ ಅಲ್ಲಾಡಿಸಿ ಕೂತರು, ಪಂದ್ಯ ಮುಗಿಯುವ ತನಕ ಏಳಲಿಲ್ಲ.

ಅಂದು ನೋಡಿದ್ದು 1999ರ ಅಕ್ಟೋಬರ್ 31ರ ಸೆಮಿಫೈನಲ್, ಲಂಡನಿನ ಟ್ವಿಕೆನ್‌ಹಮ್ಮಿನಲ್ಲಿ, ಫ್ರಾನ್ಸಿನ ಎದುರು. ಲೋಮು ಎರಡು ಟ್ರೈ ಹೊಡೆದ. ಎರಡನೆಯದ್ದು ಆದಾಗ 24–10, ಇನ್ನು ಮುಗಿಯಿತು ಅಂತ ಯಾರಾದರೂ ಅಂದುಕೊಳ್ಳಬೇಕು. ಅಲ್ಲಿಂದ ಫ್ರಾನ್ಸ್ ಒಂದರ ಮೇಲೊಂದು 33 ಪಾಯಿಂಟ್ ಹಾಕಿತು. ಕೊನೆಗೆ 43–31. ನೋಟ್‌ಬುಕ್ ತೆಗೆದು ಇದನ್ನು ನಿಧಾನಕ್ಕೆ ನೋಡಿ. ಫ್ರಾನ್ಸಿನವರು ಚೆಂಡನ್ನು ಒದ್ದು ಒದ್ದು ನ್ಯೂಜಿಲೆಂಡಿನವರ ಬೆನ್ನ ಹಿಂದೆ ಹಾಕುತ್ತಾರೆ, ಆ ಚೆಂಡು ತೆಂಗಿನಕಾಯಿಯ ಹಾಗೆ ಎಲ್ಲೆಲ್ಲೋ ತಿರುಗುತ್ತದೆ, ಓಡಿ ಬಂದ ಫ್ರಾನ್ಸಿನವನ ಕೈಗೇ ಬಂದು ಕೂರುತ್ತದೆ. ತುದಿಯಲ್ಲಿ ಲೋಮುವಿನಂಥವನು ಇದ್ದೂ ಏನೂ ಮಾಡಲಿಕ್ಕಾಗುವುದಿಲ್ಲ, ಚೆಂಡೇ ಇಲ್ಲ ಅವನ ಕೈಯಲ್ಲಿ. ಇವನು ಒಮ್ಮೆಯೂ ವಿಶ್ವಕಪ್ ಗೆಲ್ಲಲಿಲ್ಲ.

ತೀರಾ ಬೇಸರ ಆಯಿತಾ? ಹಾಗಾದರೆ 2000ದ ಜುಲೈ 15, ಸಿಡ್ನಿ, ಆಸ್ಟ್ರೇಲಿಯದ ಎದುರು ನೋಡಿ. ಸ್ಟೇಡಿಯಮ್ಮಿನಲ್ಲಿ 1,09,874 ಜನ. ಹತ್ತು ನಿಮಿಷ ಆಗುವ ಮೊದಲೇ ನ್ಯೂಜಿಲೆಂಡ್ 24–0, ಅರ್ಧ ಸಮಯದೊಳಗೆ ಆಸ್ಟ್ರೇಲಿಯ ಸಮ ಮಾಡಿತು, ಕೊನೆ ಗಳಿಗೆಯಲ್ಲಿ ಆಸ್ಟ್ರೇಲಿಯ 35–34 ಮುಂದೆ. ಆಗ ಚೆಂಡು ಎಡ ತುದಿಗೆ ಬರುತ್ತದೆ. ಬದಿಯ ಗೆರೆಗೂ ಎದುರಾಳಿಗೂ ನಡುವೆ ಒಂದು ಅಡಿ ಜಾಗ. ಅಷ್ಟರಲ್ಲೇ ಆ ದೇಹ ಹೊರಗೆ ಕಾಲಿಡದೆ ಹೇಗೆ ಹೋಯಿತು ಅಂತ ನೋಡಲಿಕ್ಕೇ ಈ ಪಂದ್ಯ. 39–35. ಇದಕ್ಕೆ ನೋಟ್‌ಬುಕ್ ಬೇಡ.

ಕೊನೆಯ ಟೆಸ್ಟ್ 2002ರ ನವೆಂಬರಿನಲ್ಲಿ, ವೇಲ್ಸಿನ ಎದುರು. ಮರುವರ್ಷ ಡಯಾಲಿಸಿಸ್. 2004ರಲ್ಲಿ ವೆಲ್ಲಿಂಗ್ಟನ್ನಿನ ರೇಡಿಯೊ ನಿರೂಪಕ ಗ್ರಾಂಟ್ ಕೆರೆಯಾಮಾ ತನ್ನ ಒಂದು ಕಿಡ್ನಿ ಕೊಟ್ಟ. ಅದನ್ನು ಹಾಕಿಸಿಕೊಂಡು ಲೋಮು ಮತ್ತೆ ಮೈದಾನಕ್ಕೆ ಬಂದ, ಕಾರ್ಡಿಫ್ ಬ್ಲೂಸ್ ಕ್ಲಬ್ಬಿಗೆ ಆಡಿದ, ದೇಶದ ತಂಡಕ್ಕೆ ಮಾತ್ರ ಮತ್ತೆ ಆಡಲಿಕ್ಕಾಗಲಿಲ್ಲ. 2011ರಲ್ಲಿ ಆ ಕಿಡ್ನಿಯೂ ಕೈಕೊಟ್ಟಿತು. 2015ರ ನವೆಂಬರ್ 18ರಂದು ಆಕ್ಲೆಂಡಿನಲ್ಲಿ ತೀರಿಕೊಂಡ. ವಯಸ್ಸು 40. ಚಿಕ್ಕಪ್ಪನಿಗೆ ನಾನು ಕೆರೆಯಾಮಾನ ತನಕ ಹೇಳಿದ್ದೇನೆ, ಮುಂದಿನದ್ದು ಅವರೂ ಕೇಳಲಿಲ್ಲ.

ಗದ್ದೆಗೆ ಇಳಿಯುವುದಾದರೆ

ನೋಡಿ ನೋಡಿ ಮಕ್ಕಳಿಗೆ ಆಡಬೇಕು ಅಂತ ಅನಿಸುವುದು ಸಹಜ. ಒಂದು ಎಚ್ಚರಿಕೆ, ಮುರಕಲ್ಲಿನ ಮೈದಾನದಲ್ಲಿ ಯಾರನ್ನೂ ಕೆಡವಿ ಆಡಬೇಡಿ. ಅಕ್ಕನ ಮಗ ನನಗೆ ಹೇಳದೆ ಶಾಲೆಯ ಮೈದಾನದಲ್ಲಿ ಲೋಮು ಆಗಲಿಕ್ಕೆ ಹೋಗಿ ಮೊಣಕಾಲಿಗೆ ಆರು ಹೊಲಿಗೆ ಹಾಕಿಸಿಕೊಂಡು ಬಂದ. ಅಕ್ಕ ಎರಡು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ಈಗ ನಾವು ಆಡುವುದು ಕೊಯ್ಲಾದ ಗದ್ದೆಯಲ್ಲಿ, ಬೈರಾಸು (ಟವೆಲ್) ಕಟ್ಟಿಕೊಂಡು. ಪ್ರತಿಯೊಬ್ಬನೂ ಸೊಂಟದ ಎರಡು ಬದಿಗೆ ಬಟ್ಟೆಯ ಒಂದೊಂದು ಪಟ್ಟಿ ಸಿಕ್ಕಿಸಿಕೊಳ್ಳಬೇಕು, ಹಳೇ ಬೈರಾಸು ಹರಿದು ಮಾಡಿದ್ದು. ಚೆಂಡು ಇದ್ದವನ ಪಟ್ಟಿ ಎಳೆದರೆ ಟ್ಯಾಕಲ್ ಆದ ಹಾಗೆ, ಅವನು ನಿಂತು ಹಿಂದಕ್ಕೆ ಪಾಸ್ ಕೊಡಬೇಕು. ಯಾರೂ ಬೀಳುವುದಿಲ್ಲ, ಹುಡುಗಿಯರೂ ಸಣ್ಣವರೂ ಒಟ್ಟಿಗೆ ಆಡಬಹುದು. ಹೊರದೇಶಗಳಲ್ಲಿ ಮಕ್ಕಳಿಗೆ ಕಲಿಸುವಾಗ ಇದನ್ನೇ ಟ್ಯಾಗ್ ರಗ್ಬಿ ಅಂತ ಆಡಿಸುತ್ತಾರೆ. ನಿಜವಾದ ಚೆಂಡು ಬರುವ ತನಕ ಗಾಳಿ ಸ್ವಲ್ಪ ಇಳಿಸಿದ ಫುಟ್‌ಬಾಲ್ ಸಾಕು. ಮೊದಲ ವಾರ ಗದ್ದೆಯ ಒಂದು ಹುಣಿಯಿಂದ (ಬದುವಿನಿಂದ) ಇನ್ನೊಂದು ಹುಣಿಗೆ ನಾಲ್ಕು ಜನ ಓರೆ ಸಾಲಿನಲ್ಲಿ ಓಡುತ್ತಾ ಚೆಂಡು ದಾಟಿಸುವುದು ಮಾತ್ರ, ಬೇರೆ ಏನೂ ಬೇಡ. ಎಸೆಯುವಾಗ ಎರಡು ಕೈಯಲ್ಲಿ, ಹಿಡಿಯುವವನ ಎದೆಯ ಮುಂದಕ್ಕೆ. ಎಲ್ಲರೂ ಮೊದಲ ದಿನ ಮುಂದಕ್ಕೇ ಎಸೆಯುತ್ತಾರೆ. ನಾನೂ ಎಸೆದೆ.

ಹೀಗೆ ಎರಡು ಮೂರು ತಿಂಗಳು ಹೋದ ಮೇಲೆ ಒಂದು ದಿನ ಫೈನಲನ್ನು ಮತ್ತೆ ಹಾಕಿದ್ದೆವು. ಲೋಮು ತುದಿಯಲ್ಲಿ ನಿಂತಿದ್ದಾನೆ, ಅಕ್ಕನ ಮಗನ ಕಣ್ಣು ಅಲ್ಲಿಲ್ಲ. “ಮಾವ, ಆ 9 ನಂಬರಿನವ ಉಂಟಲ್ಲ, ಎಲ್ಲಿ ರಕ್ ಆದರೂ ಅವನೇ ಮೊದಲು ಬರುವುದು, ಯಾರು ಅವ?”

ನಿಮ್ಮ ಮನೆಯಲ್ಲೂ ಯಾರಾದರೂ ಹಾಗೆ ಕೇಳಿದ ದಿನ ಲೋಮುವನ್ನು ಬಿಟ್ಟುಬಿಡಿ, ಅವನ ಕೆಲಸ ಆಯಿತು. ಗುರುತು ಹಾಕಿಟ್ಟ ಆ ಟ್ಯಾಕಲ್ ಇದೆಯಲ್ಲ, ಅಲ್ಲಿಂದ ಶುರು ಮಾಡಿ. ಜೂಸ್ಟ್ ವಾನ್ ಡರ್ ವೆಸ್ಟ್‌ಹೈಜನ್, 89 ಟೆಸ್ಟ್, 38 ಟ್ರೈ, ಮೂರು ವಿಶ್ವಕಪ್. ನಾವೀಗ 1995ರಲ್ಲೇ ಇದ್ದೇವೆ, ಹೊಸ ನೋಟ್‌ಬುಕ್ ತಂದಾಗಿದೆ.